ಪ್ಲೇಟ್‌ಲೆಟ್‌ನ ಪಿ38 ಕೊನೆಗೂ ಸುಮ್ಮನಾಯಿತು: ನನ್ನ ಅನುಭವ

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ. ಪಿ38 ಅದರೊಳಗೆ ಸುದ್ದಿ ಸಾಗಿಸುವ ಒಂದು ಕಿಣ್ವ, ಫಾಸ್ಫೇಟ್ ಅಂಟಿತು ಅಂದರೆ ಅದು ಎದ್ದಂತೆ. ಪ್ಲೇಟ್‌ಲೆಟ್ ಕೆರಳಿಸುವ ಥ್ರಾಂಬಿನ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿ ಹಾಕಿ ಪ್ರೋಟೀನ್ ಗುರುತಿಸುವ ಪರೀಕ್ಷೆ) ಫಾಸ್ಫೋ-ಪಿ38, ಅಂದರೆ ಫಾಸ್ಫೇಟ್ ಅಂಟಿದ ಪಿ38ರ ಬ್ಯಾಂಡ್ ಎರಡೂ ಲೇನ್‌ನಲ್ಲಿ ಕಪ್ಪಗೆ ಬರುತ್ತಿತ್ತು. "ರಕ್ತ ಹೊರಗೆ ತೆಗೆದ ಮೇಲೆ ಪ್ಲೇಟ್‌ಲೆಟ್ ಎದ್ದೇ ಇರುತ್ತೆ, ಬಿಟ್ಬಿಡಿ" ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದರು. ಈಗ ನನ್ನ ಕಂಟ್ರೋಲ್ (ಥ್ರಾಂಬಿನ್ ಹಾಕದ) ಲೇನ್ ಹೆಚ್ಚುಕಡಿಮೆ ಖಾಲಿ. ಹಾಗೆ ಹೇಳಿದವರೇ ಬಂದು ಬ್ಲಾಟ್ ನೋಡಿ ಹೋಗಿದ್ದಾರೆ.

ಮೊದಲು ಅನುಮಾನ ಬಿದ್ದದ್ದು ಆಂಟಿಬಾಡಿ ಮೇಲೆ. ಮೂರ್ನಾಲ್ಕು ಬೇರೆ ಬೇರೆ ಬಾಟಲಿ ತರಿಸಿದ್ದಕ್ಕೆ ಆ ವರ್ಷದ ಕೆಮಿಕಲ್ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಖರ್ಚಾಯಿತು. ಬ್ಲಾಟ್‌ನ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬಿಟ್ಟು ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಹಿಡಿದಾಗ ಹಿನ್ನೆಲೆ ತಿಳಿಯಾಯಿತು, ಬ್ಯಾಂಡ್ ಮಾತ್ರ ಕದಲಲಿಲ್ಲ.

ತೊಂದರೆ ಇದ್ದದ್ದು ಅದಕ್ಕೂ ಮೊದಲೇ, ರಕ್ತ ಎಳೆಯುವಲ್ಲಿ. 21 ಗೇಜ್ ಸೂಜಿ ಇರಲಿ, ರಕ್ತ ಸಲೀಸಾಗಿ ಹರಿಯಲಿ, ಮೊದಲ 2-3 ಮಿ.ಲೀ. ಚೆಲ್ಲಿಬಿಡಿ. ಐಸ್ ಹತ್ತಿರವೂ ಬೇಡ, ತಣ್ಣಗಾದರೆ ಪ್ಲೇಟ್‌ಲೆಟ್ ಆಕಾರವೇ ಬದಲಾಗುತ್ತೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವುದು ಸುಮಾರು 200 ಜಿ (ಗುರುತ್ವದ 200 ಪಟ್ಟು), ಬ್ರೇಕ್ ಇಲ್ಲದೆ. ಮೇಲಿನ ಪದರದಲ್ಲಿ ಮುಕ್ಕಾಲು ಭಾಗ ಮಾತ್ರ ತೆಗೆಯಿರಿ. ಆಸೆಪಟ್ಟು ಕೆಳಗಿನವರೆಗೂ ಹೀರಿದರೆ ಬಿಳಿ ರಕ್ತಕಣಗಳ ಪಿ38 ಕೂಡ ಸೇರಿಕೊಳ್ಳುತ್ತೆ. ತೊಳೆದ ಮೇಲೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಮುಟ್ಟಬೇಡಿ. ಪ್ಲೇಟ್‌ಲೆಟ್ ಕೆರಳದಂತೆ ತಡೆಯುವ ಪಿಜಿಇ1 ಎಷ್ಟು, ಯಾವ ಹೊತ್ತಿಗೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪೆಲೆಟ್ ಮಾಡಿ (ತಿರುಗಿಸಿ ತಳಕ್ಕಿಳಿಸಿ) ಆಮೇಲೆ ಲೈಸಿಸ್ ಮಾಡುವುದನ್ನೂ (ಕಣ ಒಡೆಯುವುದನ್ನೂ) ಬಿಟ್ಟೆ. ಮತ್ತೊಮ್ಮೆ ತಿರುಗಿಸಿದರೆ ಮತ್ತೊಮ್ಮೆ ಕೆರಳಿಸಿದಂತೆ, ಅಲ್ವಾ? ಬಿಸಿ ಎಸ್‌ಡಿಎಸ್ ಬಫರನ್ನು (ಸೋಪಿನಂಥ ದ್ರಾವಣ) ನೇರ ಟ್ಯೂಬಿಗೇ ಸುರಿಯುತ್ತೇನೆ. ಫಾಸ್ಫೇಟ್ ಅಂಟಿಸುವ ಕೈನೇಸ್, ಅದನ್ನು ಕೀಳುವ ಫಾಸ್ಫಟೇಸ್ ಎರಡೂ ಅಲ್ಲೇ ನಿಲ್ಲುತ್ತವೆ.

ನಡುವೆ ಪಿ38 ತಡೆಯುವ ಮದ್ದು ಎಸ್‌ಬಿ203580 ಹಾಕಿ ನೋಡಿದೆ. ಕೆರಳಿದ ಪ್ಲೇಟ್‌ಲೆಟ್ ಬಿಡುವ ಥ್ರಾಂಬಾಕ್ಸೇನ್ ಚೆನ್ನಾಗಿಯೇ ಇಳಿಯಿತು. ಆದರೆ ಅದನ್ನು ಪಿ38 ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಈ ಮದ್ದು ಥ್ರಾಂಬಾಕ್ಸೇನ್ ತಯಾರಿಗೆ ಬೇಕಾದ ಕಾಕ್ಸ್-1, ಕಾಕ್ಸ್-2 ಕಿಣ್ವಗಳನ್ನೂ ನೇರವಾಗಿ ತಡೆಯುತ್ತದೆ ಅಂತ 1998ರಲ್ಲೇ ವರದಿಯಾಗಿದೆ. ಇನ್ನೊಂದು ಮಾತು: ಅದು ತಡೆಯುವುದು ಪಿ38ರ ಕೆಲಸವನ್ನು. ಪಿ38ರ ಫಾಸ್ಫೇಟ್ ಹಾಗೇ ಉಳಿಯಬಹುದು. ಮದ್ದು ನಾಟಿದೆಯಾ ಅಂತ ತಿಳಿಯಬೇಕಾದರೆ ಪಿ38ರಿಂದ ಮುಂದೆ ಸುದ್ದಿ ಪಡೆಯುವ ಪ್ರೋಟೀನ್‌ಗಳಾದ ಎಂಕೆ2, ಎಚ್‌ಎಸ್‌ಪಿ27 ನೋಡಿ.

ಅದೇ ರಕ್ತದಲ್ಲಿ ಉಳಿದ ಮಾನೊಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪದರದ ತುಣುಕು) ಕೊಟ್ಟೆ. ಹೆಪ್ಪುಗಟ್ಟುವಿಕೆ ಶುರುಮಾಡುವ ಪ್ರೋಟೀನ್ ಟಿಶ್ಯೂ ಫ್ಯಾಕ್ಟರ್ ಏರಿತು. ಪಿ38 ತಡೆದಾಗ ಸಾಕಷ್ಟು ಇಳಿಯಿತು. ಸೋಂಕಿನ ಸುದ್ದಿ ಹೆಪ್ಪುಗಟ್ಟುವಿಕೆಗೆ ತಲುಪುವ ಒಂದು ದಾರಿ ಇದು. ನನಗೆ ಈಗ ಇದರ ಮೇಲೇ ಜಾಸ್ತಿ ಕಣ್ಣು.

ರಕ್ತ ಕೊಡುವವರನ್ನು ಆಸ್ಪಿರಿನ್ ಬಗ್ಗೆ ಕೇಳುವಾಗ "ನಿನ್ನೆ ತಗೊಂಡ್ರಾ?" ಅಂದರೆ ಸಾಲದು. ಪ್ಲೇಟ್‌ಲೆಟ್ ಮೇಲೆ ಅದರ ಪರಿಣಾಮ ದಿನಗಟ್ಟಲೆ ಉಳಿಯುತ್ತೆ, ಹಿಂದಿನ 10 ದಿನದ್ದು ಕೇಳಿ.