ಸ್ಟಿಯರಿಂಗ್ ವೀಲ್ ಇಲ್ಲದೆ ಕ್ಲಚ್ ಕಲಿಯುವುದು: ಫೋರ್ಝಾ ಹಾರಿಜಾನ್ 5ರಲ್ಲಿ ಕಂಟ್ರೋಲರ್ ಹಿಡಿದು ಗೇರ್ ಹಾಕುವ ಬಗೆ

ಫೋರ್ಝಾ ಹಾರಿಜಾನ್ 5 ಮೆಕ್ಸಿಕೋದಲ್ಲಿ ನಡೆಯುವ ಕಾರ್ ರೇಸಿಂಗ್ ವಿಡಿಯೋ ಗೇಮ್. ಇದನ್ನು ಆಡುವ ತುಂಬಾ ಜನ ಆಟೋಮ್ಯಾಟಿಕ್ ಗೇರ್‌ನಲ್ಲೇ ಇಡೀ ಮೆಕ್ಸಿಕೋ ಸುತ್ತಿ ಮುಗಿಸುತ್ತಾರೆ. ಕ್ಲಚ್ ಬೇಕು ಅಂದರೆ ಸ್ಟಿಯರಿಂಗ್ ವೀಲ್ ಬೇಕು, ಮೂರು ಪೆಡಲ್ ಬೇಕು, ಅದಕ್ಕೆಲ್ಲ ದುಡ್ಡು ಸುರಿಯಬೇಕು ಅಂದುಕೊಂಡಿರುತ್ತಾರೆ. ಏನೂ ಬೇಕಿಲ್ಲ. ಕೈಯಲ್ಲಿರುವ ಕಂಟ್ರೋಲರ್ ಸಾಕು. ಸ್ವಲ್ಪ ತಾಳ್ಮೆ ಇದ್ದರೆ ಆಯಿತು.

ಸೆಟ್ಟಿಂಗ್ಸ್‌ಗೆ ಹೋಗಿ ಡಿಫಿಕಲ್ಟಿ ತೆರೆಯಿರಿ. ಅಲ್ಲಿ ಶಿಫ್ಟಿಂಗ್ ಅಂತ ಇದೆ. ಆಟೋಮ್ಯಾಟಿಕ್, ಮ್ಯಾನುಯಲ್, ಮ್ಯಾನುಯಲ್ ವಿತ್ ಕ್ಲಚ್ ಅಂತ ಮೂರು ಬಗೆ. ನಮಗೆ ಬೇಕಾಗಿರುವುದು ಮೂರನೆಯದು. ಇದನ್ನು ಆರಿಸಿದರೆ ರೇಸ್‌ನಲ್ಲಿ ಸಿಗುವ ಕ್ರೆಡಿಟ್ಸ್ (ಆಟದೊಳಗಿನ ದುಡ್ಡು) ಬೋನಸ್ ಜಾಸ್ತಿ ಆಗುತ್ತದೆ, ಆದರೆ ನಿಜವಾದ ಲಾಭ ಅದಲ್ಲ. ಬರೀ ಮ್ಯಾನುಯಲ್‌ನಲ್ಲಿ ನೀವು ಗೇರ್ ಬಟನ್ ಒತ್ತಿದಾಗ ಕ್ಲಚ್ ಕೆಲಸವನ್ನು ಆಟವೇ ಮಾಡುತ್ತದೆ. ಅದಕ್ಕೆ ತನ್ನದೇ ಒಂದು ಸಮಯ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಚಕ್ರಕ್ಕೆ ಪವರ್ ಹೋಗುವುದಿಲ್ಲ. ಕ್ಲಚ್ ನಿಮ್ಮ ಕೈಯಲ್ಲಿದ್ದರೆ ನಿಮ್ಮ ಬೆರಳು ಎಷ್ಟು ಚುರುಕೋ ಗೇರ್ ಅಷ್ಟು ಬೇಗ ಬೀಳುತ್ತದೆ. ಉದ್ದದ ರಸ್ತೆಯಲ್ಲಿ ನಿಮ್ಮದೇ ಥರದ ಕಾರು ಪಕ್ಕದಲ್ಲಿದ್ದಾಗ ಒಂದೊಂದು ಗೇರ್‌ಗೂ ಚೂರು ಚೂರು ಮುಂದೆ ಹೋಗುತ್ತೀರಿ.

ಈಗ ಬಟನ್ ವಿಷಯ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಆಟ ತಾನಾಗಿ ಕೊಡುವ ಜೋಡಣೆ ಹೀಗಿದೆ: ಆರ್‌ಟಿ (ಬಲ ಟ್ರಿಗರ್) ಆಕ್ಸಿಲರೇಟರ್, ಎಲ್‌ಟಿ (ಎಡ ಟ್ರಿಗರ್) ಬ್ರೇಕ್, ಬಿ ಒತ್ತಿದರೆ ಗೇರ್ ಏರುತ್ತದೆ, ಎಕ್ಸ್ ಒತ್ತಿದರೆ ಇಳಿಯುತ್ತದೆ, ಎ ಹ್ಯಾಂಡ್‌ಬ್ರೇಕ್, ಎಲ್‌ಬಿ (ಎಡ ಟ್ರಿಗರ್ ಮೇಲಿನ ಬಟನ್) ಕ್ಲಚ್. ಪ್ಲೇಸ್ಟೇಷನ್ 5ರಲ್ಲಿ ಆಡುವವರಿಗೆ ಎ ಜಾಗದಲ್ಲಿ ಕ್ರಾಸ್, ಬಿ ಜಾಗದಲ್ಲಿ ಸರ್ಕಲ್, ಎಕ್ಸ್ ಜಾಗದಲ್ಲಿ ಸ್ಕ್ವೇರ್, ಎಲ್‌ಬಿ ಜಾಗದಲ್ಲಿ ಎಲ್1.

ಬೈಕ್ ಓಡಿಸಿ ರೂಢಿ ಇರುವವರಿಗೆ ಎಲ್‌ಬಿ ಕ್ಲಚ್ ತಕ್ಷಣ ಹಿಡಿಸುತ್ತದೆ. ಎಡಗೈ ಬೆರಳಲ್ಲಿ ಕ್ಲಚ್ ಎಳೆಯುವುದು ನಮಗೆ ಹೊಸದೇನಲ್ಲ, ಅಲ್ವಾ. ಗೇರ್ ಏರಿಸುವಾಗ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗುವುದು ತಿರುವಿನ ಮುಂದೆ. ಅಲ್ಲಿ ಎಡ ತೋರುಬೆರಳು ಎಲ್‌ಟಿ ಮೇಲೆ ಬ್ರೇಕ್ ಹಿಡಿದಿರುತ್ತದೆ, ಅದೇ ಹೊತ್ತಿಗೆ ಎಲ್‌ಬಿ ಒತ್ತಲು ಇನ್ನೊಂದು ಬೆರಳು ಬೇಕು, ಎಡ ಹೆಬ್ಬೆರಳು ಸ್ಟಿಯರಿಂಗ್ ತಿರುಗಿಸುತ್ತಿರುತ್ತದೆ. ಎಲ್ಲ ಭಾರವೂ ಒಂದೇ ಕೈಗೆ ಬೀಳುತ್ತದೆ. ತೋರುಬೆರಳು ಎಲ್‌ಬಿ ಮೇಲೆ, ನಡುಬೆರಳು ಎಲ್‌ಟಿ ಮೇಲೆ ಇಟ್ಟು ಆಡುವವರಿದ್ದಾರೆ. ಅದು ಒಗ್ಗಿದರೆ ಒಳ್ಳೆಯದೇ.

ನನ್ನ ಸಲಹೆ ಬೇರೆ. ಕಂಟ್ರೋಲರ್ ಸೆಟ್ಟಿಂಗ್‌ಗೆ ಹೋಗಿ ಕ್ಲಚ್ಚನ್ನು ಎ ಬಟನ್‌ಗೆ, ಹ್ಯಾಂಡ್‌ಬ್ರೇಕನ್ನು ಎಲ್‌ಬಿಗೆ ಅದಲು ಬದಲು ಮಾಡಿ. ಆಗ ಕ್ಲಚ್ಚೂ ಗೇರೂ ಎರಡೂ ಬಲ ಹೆಬ್ಬೆರಳಿನ ಕೆಲಸ. ಎ ಕೆಳಗಿದೆ, ಬಿ ಬಲಕ್ಕೆ, ಎಕ್ಸ್ ಎಡಕ್ಕೆ. ಗೇರ್ ಏರಿಸಲು ಹೆಬ್ಬೆರಳಿನ ಬುಡದ ಕಡೆಯಿಂದ ಎ ಒತ್ತಿ, ಬಿಡದೆ ತುದಿಯನ್ನು ಬಿ ಮೇಲೆ ಉರುಳಿಸಿ. ಇಳಿಸಲು ಎ ಇಂದ ಎಕ್ಸ್ ಕಡೆಗೆ. ಎಕ್ಸ್ ಕಡೆ ಮೊದಲು ಸ್ವಲ್ಪ ಅಡ್ಡಾದಿಡ್ಡಿ ಅನ್ನಿಸುತ್ತದೆ, ಬೆರಳನ್ನು ಮಡಚಿ ಒತ್ತಬೇಕಾಗುತ್ತದೆ. ಎಡಗೈ ಮಾತ್ರ ಪೂರ್ತಿ ಬ್ರೇಕಿಗೂ ತಿರುವಿಗೂ ಸಿಗುತ್ತದೆ. ಇದೊಂದು ಅನುಕೂಲಕ್ಕಾಗಿಯೇ ಈ ಬದಲಾವಣೆ ಮಾಡಬೇಕು. ಹಿಂದುಗಡೆ ಪ್ಯಾಡಲ್ ಇರುವ ಕಂಟ್ರೋಲರ್ ಇದ್ದವರು ಒಂದು ಪ್ಯಾಡಲ್‌ಗೆ ಎ ಕೊಟ್ಟುಬಿಡಿ, ಇನ್ನೂ ಸುಲಭ.

ಕಲಿಯುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಕ್ರಮ ಒಂದೇ. ಕ್ಲಚ್ ಒತ್ತುವುದು ಮೊದಲು, ಕ್ಲಚ್ ಒತ್ತಿರುವಾಗಲೇ ಗೇರ್, ಕ್ಲಚ್ ಬಿಡುವುದು ಕೊನೆಗೆ. ವೇಗ ಆಮೇಲೆ ತಾನಾಗಿ ಬರುತ್ತದೆ. ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಗೇರ್ ಮೊದಲು ಹೋಗಿ ಕ್ಲಚ್ ಆಮೇಲೆ ಹೋಗುತ್ತದೆ, ಆಗ ಕರಕರ ಅಂತ ಸದ್ದು ಬಂದು ಕಾರು ಹಿಂದೆ ಬೀಳುತ್ತದೆ. ಆ ಸದ್ದು ಕೇಳಿದರೆ ಬೆರಳಿನ ವೇಗ ಕಡಿಮೆ ಮಾಡಿ, ಕ್ರಮ ಸರಿ ಮಾಡಿ. ಹೆಚ್ಚಿನವರು ಇಲ್ಲಿಯೇ ಬೇಸತ್ತು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಇದು ದಾಟಿದರೆ ಮುಂದೆ ಎಲ್ಲ ಸಲೀಸು.

ಇನ್ನೊಂದು ಮಾತು. ನಿಜವಾದ ಕಾರು ಕಲಿತವರಿಗೆ ಹಾಫ್ ಕ್ಲಚ್ ಅಭ್ಯಾಸ ಇರುತ್ತದೆ. ಬಟನ್‌ನಲ್ಲಿ ಅದು ಸಿಗುವುದಿಲ್ಲ. ಬಟನ್ ಒತ್ತಿದರೆ ಕ್ಲಚ್ ಪೂರ್ತಿ ಒತ್ತಿದ ಹಾಗೆ, ಬಿಟ್ಟರೆ ಪೂರ್ತಿ ಬಿಟ್ಟ ಹಾಗೆ, ನಡುವೆ ಏನೂ ಇಲ್ಲ. ಹಾಗಾಗಿ ಇಲ್ಲಿ ನಾಜೂಕು ತೋರಿಸಬೇಕಾದ್ದು ಆರ್‌ಟಿ ಮೇಲಿನ ಬೆರಳು. ಸಮಾಧಾನದ ವಿಷಯ ಏನೆಂದರೆ ಈ ಆಟದಲ್ಲಿ ಎಂಜಿನ್ ಆಫ್ ಆಗಿ ನಡುರಸ್ತೆಯಲ್ಲಿ ನಿಂತುಬಿಡುವ ಭಯ ಇಲ್ಲ.

ಕಲಿಯಲು ಯಾವ ಕಾರು? ಜಾಸ್ತಿ ಪವರ್ ಇರುವುದು ಖಂಡಿತ ಬೇಡ. 1994ರ ಮಾಜ್ದಾ ಎಂಎಕ್ಸ್-5 ಮಿಯಾಟಾ ತೆಗೆದುಕೊಳ್ಳಿ, ಅದನ್ನು ಏನೂ ಅಪ್‌ಗ್ರೇಡ್ ಮಾಡಬೇಡಿ. 1.8 ಲೀಟರ್ ಎಂಜಿನ್, 5 ಗೇರ್, ಹಿಂದಿನ ಚಕ್ರಕ್ಕೆ ಪವರ್. ನಿಧಾನಕ್ಕೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಏರುವುದರಿಂದ ಯೋಚನೆ ಮಾಡಲು ನಿಮಗೆ ಸಮಯ ಸಿಗುತ್ತದೆ. 8 ಗೇರ್ ಇರುವ ಕಾರಿನಲ್ಲಿ ಶುರು ಮಾಡಿದರೆ ಒಂದು ಗೇರ್ ಹಾಕಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಹೈವೇಗೆ ಹೋಗಿ, ರೇಸ್ ಏನೂ ಬೇಡ, ಸುಮ್ನೆ ನೇರ ಓಡಿಸಿ. ಮೊದಲ ಗೇರ್‌ನಲ್ಲಿ ಆರ್‌ಟಿ ಪೂರ್ತಿ ಒತ್ತಿ. 6500 ಆರ್‌ಪಿಎಂ ಹತ್ತಿರ ಬಂದಾಗ ಎ ಒತ್ತಿ, ಬಿ ಒತ್ತಿ, ಆಮೇಲೆ ಎ ಬಿಡಿ. ಆರ್‌ಟಿ ಬಿಡಬೇಕಾಗಿಲ್ಲ. ಈ ಆಟದಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದೇ ಗೇರ್ ಏರಿಸಬಹುದು, ಆದರೆ ಕ್ಲಚ್ ಒತ್ತಿದ ಹೊತ್ತು ಜಾಸ್ತಿಯಾದರೆ ಎಂಜಿನ್ ಸುಮ್ಮನೆ ಕಿರುಚುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಮನೆಯ ಕಾರಿನಲ್ಲಿ ಮಾತ್ರ ಇದನ್ನು ಮಾಡಲು ಹೋಗಬೇಡಿ, ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಗೇರ್ ಬಿದ್ದ ಮೇಲೆ ಸದ್ದು ಕೇಳಿ. ನಿಜವಾದ ಮಿಯಾಟಾದಲ್ಲಿ ಮೊದಲ ಗೇರ್ ಅನುಪಾತ (ಗೇರ್‌ಬಾಕ್ಸ್‌ನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) 3.136, ಎರಡನೆಯದು 1.888. ಅಂದರೆ 6500ರಲ್ಲಿ ಬದಲಿಸಿದರೆ ಎರಡನೇ ಗೇರ್‌ನಲ್ಲಿ ಆರ್‌ಪಿಎಂ 3900ರ ಆಸುಪಾಸಿಗೆ ಬಂದು ಕೂರುತ್ತದೆ. ಅದೇ ಮೂರರಿಂದ ನಾಲ್ಕಕ್ಕೆ ಹೋದರೆ 4900ರ ಹತ್ತಿರ ನಿಲ್ಲುತ್ತದೆ. ಮೇಲಿನ ಗೇರ್‌ಗೆ ಹೋದಂತೆ ಬೀಳುವ ಅಂತರ ಕಡಿಮೆ. ಇದನ್ನು ಲೆಕ್ಕ ಹಾಕುತ್ತಾ ಕೂರಬೇಕಿಲ್ಲ, ಕಿವಿಗೆ ಬಂದರೆ ಸಾಕು. ಮೀಟರ್ ನೋಡದೆ ಸದ್ದಿನಲ್ಲೇ ಗೇರ್ ಹಾಕುವಷ್ಟಾದಾಗ ಕಣ್ಣು ಪೂರ್ತಿ ರಸ್ತೆಗೆ ಸಿಗುತ್ತದೆ.

ಗೇರ್ ಇಳಿಸುವುದು ಇದಕ್ಕಿಂತ ಸೂಕ್ಷ್ಮ. ಇಲ್ಲಿ ಆರ್‌ಪಿಎಂ ಮೇಲೆ ಹಾರಬೇಕು. ಮೂರನೇ ಗೇರ್‌ನಲ್ಲಿ 4000 ಇದ್ದರೆ, ಅದೇ ವೇಗಕ್ಕೆ ಎರಡನೇ ಗೇರ್‌ನಲ್ಲಿ ಸುಮಾರು 5700 ಬೇಕು. ನೀವು ಕೊಡದಿದ್ದರೆ ಕ್ಲಚ್ ಬಿಟ್ಟ ತಕ್ಷಣ ಆ 1700 ಆರ್‌ಪಿಎಂ ಏರಿಕೆಯನ್ನು ಹಿಂದಿನ ಚಕ್ರಗಳೇ ಎಂಜಿನ್‌ಗೆ ಕೊಡಬೇಕಾಗುತ್ತದೆ. ಚಕ್ರ ಜಾರಿ ಕಾರಿನ ಹಿಂಭಾಗ ಪಕ್ಕಕ್ಕೆ ಹೊರಡುವುದು ಅದಕ್ಕೇ. ಹಾಗಾಗಿ ಬ್ರೇಕ್ ಹಿಡಿದೇ ಎ ಒತ್ತಿ, ಎಕ್ಸ್ ಒತ್ತಿ, ಆ ಕ್ಷಣದಲ್ಲೇ ಬಲ ತೋರುಬೆರಳಿನಿಂದ ಆರ್‌ಟಿಯನ್ನು ಒಮ್ಮೆ ಚುಟುಕಾಗಿ ಒತ್ತಿ ಬಿಟ್ಟು, ಎಂಜಿನ್ ವುಂ ಅಂತ ಮೇಲೆದ್ದಾಗ ಎ ಬಿಡಿ. ನಿಜವಾದ ಕಾರಿನಲ್ಲಿ ಇದಕ್ಕೆ ಒಂದೇ ಬಲಗಾಲಿನಿಂದ ಬ್ರೇಕೂ ಆಕ್ಸಿಲರೇಟರೂ ಎರಡನ್ನೂ ಒತ್ತುವ ಕಸರತ್ತು ಮಾಡಬೇಕು, ಅದನ್ನು ಕಲಿಯಲು ಜನ ವರ್ಷಗಟ್ಟಲೆ ಒದ್ದಾಡುತ್ತಾರೆ. ಕಂಟ್ರೋಲರ್‌ನಲ್ಲಿ ಬ್ರೇಕ್ ಎಡ ಬೆರಳಿಗೆ, ಆಕ್ಸಿಲರೇಟರ್ ಬಲ ಬೆರಳಿಗೆ. ಈ ಒಂದು ವಿಷಯದಲ್ಲಿ ಕಂಟ್ರೋಲರ್ ಹಿಡಿದವರೇ ಅದೃಷ್ಟವಂತರು.

ವೇಗ ಇಳಿಯುವ ಮೊದಲೇ ಗೇರ್ ಇಳಿಸಬೇಡಿ. ಐದರಲ್ಲಿ ಜೋರಾಗಿ ಬಂದು ಒಂದೇ ಸಲ ಎರಡಕ್ಕೆ ಹಾಕಿದರೆ ಎಂಜಿನ್ ಆರ್‌ಪಿಎಂ ಮೀಟರ್‌ನ ಕೆಂಪು ಗೆರೆ (ಎಂಜಿನ್ ತಡೆಯುವ ಮಿತಿ) ದಾಟುತ್ತದೆ. ಡ್ಯಾಮೇಜ್ ಸೆಟ್ಟಿಂಗ್ ಸಿಮ್ಯುಲೇಶನ್‌ನಲ್ಲಿದ್ದರೆ ಅದರ ಬೆಲೆ ತೆರಬೇಕಾಗುತ್ತದೆ, ಕಲಿಯುವ ತನಕ ಕಾಸ್ಮೆಟಿಕ್‌ನಲ್ಲೇ (ಪೆಟ್ಟು ನೋಟಕ್ಕೆ ಮಾತ್ರ) ಇಡಿ. ಬ್ರೇಕ್ ಮೊದಲು, ವೇಗ ಇಳಿದ ಮೇಲೆ ಗೇರ್. ಕಡಿದಾದ ತಿರುವಿಗೆ ನಾಲ್ಕರಿಂದ ಎರಡಕ್ಕೆ ಹೋಗಬೇಕಾದರೆ ಎ ಹಿಡಿದುಕೊಂಡೇ ಎಕ್ಸ್ ಎರಡು ಸಲ ಒತ್ತಬಹುದು, ಮಧ್ಯೆ ಕ್ಲಚ್ ಬಿಡಬೇಕಿಲ್ಲ. ರಿವರ್ಸ್‌ಗೂ ಎಕ್ಸ್ ಒತ್ತಿಯೇ ಹೋಗಬೇಕು, ಬರೀ ಬ್ರೇಕ್ ಹಿಡಿದರೆ ಕಾರು ಹಿಂದೆ ಬರುವುದಿಲ್ಲ. ಗೋಡೆಗೆ ಗುದ್ದಿ ನಿಂತಾಗ ಇದು ನೆನಪಿರಲಿ.

ರೇಸ್ ಶುರುವಿನಲ್ಲಿ ಕ್ಲಚ್ ಒತ್ತಿ ಹಿಡಿದು, ಆರ್‌ಟಿಯನ್ನು ಅರ್ಧಕ್ಕಷ್ಟೇ ಒತ್ತಿ ಆರ್‌ಪಿಎಂ 4000ದ ಹತ್ತಿರ ನಿಲ್ಲಿಸಿ, ಹೊರಡುವ ಕ್ಷಣಕ್ಕೆ ಕ್ಲಚ್ ಬಿಡಿ. ಚಕ್ರ ಸುಮ್ನೆ ತಿರುಗುತ್ತಾ ಹೊಗೆ ಬಂದರೆ ಆರ್‌ಟಿ ಸ್ವಲ್ಪ ಸಡಿಲಿಸಿ. ನಾಲ್ಕೂ ಚಕ್ರಕ್ಕೆ ಪವರ್ ಇರುವ ಕಾರಾದರೆ ಇನ್ನೂ ಜಾಸ್ತಿ ಆರ್‌ಪಿಎಂ ತಡೆದುಕೊಳ್ಳುತ್ತದೆ.

ಡ್ರಿಫ್ಟ್ (ಹಿಂದಿನ ಚಕ್ರ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವುದು) ಇಷ್ಟಪಡುವವರಿಗಂತೂ ಕ್ಲಚ್ ಇಲ್ಲದೆ ಪೂರ್ತಿ ಮಜಾ ಇಲ್ಲ. ಚಕ್ರ ಜಾರದಂತೆ, ಕಾರು ತಿರುಗಿಬೀಳದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಆಫ್ ಮಾಡಿ. ತಿರುವಿನೊಳಗೆ ಎರಡನೇ ಅಥವಾ ಮೂರನೇ ಗೇರ್‌ನಲ್ಲಿ ಆರ್‌ಟಿ ಒತ್ತಿ ಹಿಡಿದೇ ಕ್ಲಚ್ಚನ್ನು ಟಕ್ ಅಂತ ಒತ್ತಿ ಬಿಡಿ. ಭಾರ ಇಲ್ಲದೆ ಎಂಜಿನ್ ಒಮ್ಮೆಲೇ ಮೇಲೆದ್ದು, ಆ ರಭಸವೆಲ್ಲ ಹಿಂದಿನ ಚಕ್ರಕ್ಕೆ ಒಟ್ಟಿಗೆ ಬಿದ್ದು, ಟೈರ್ ಹಿಡಿತ ಕಳೆದುಕೊಳ್ಳುತ್ತದೆ. ಇದೇ ಕ್ಲಚ್ ಕಿಕ್. ಮಿಯಾಟಾಗೆ ಪವರ್ ಕಡಿಮೆ ಇರುವುದರಿಂದ ಡ್ರಿಫ್ಟ್ ನಡುವೆ ವೇಗ ಬಿದ್ದರೆ ಮತ್ತೆ ಮತ್ತೆ ಕಿಕ್ ಕೊಡಬೇಕಾಗುತ್ತದೆ, ಕೈಗೆ ಒಳ್ಳೆಯ ತಾಲೀಮು.

ಬೇರೆ ಆಟಗಳ ಬಗ್ಗೆ ಕೇಳುವವರಿಗೆ: ಹಾರಿಜಾನ್ 4ರಲ್ಲೂ ಇದೇ ಸೆಟ್ಟಿಂಗ್, ಇದೇ ಬಟನ್. ಅದರ ಮಾರಾಟ 2024ರ ಡಿಸೆಂಬರ್‌ನಲ್ಲಿ ನಿಂತಿದೆ, ಮೊದಲೇ ಡಿಜಿಟಲ್ ಆಗಿ ಕೊಂಡಿದ್ದವರು ಆಡಬಹುದು. ಗ್ರಾನ್ ಟುರಿಸ್ಮೊ 7ರಲ್ಲಿ ಕಂಟ್ರೋಲರ್‌ನಲ್ಲಿ ಗೇರ್ ಮಾತ್ರ ನಮ್ಮ ಕೈಯಲ್ಲಿ, ಕ್ಲಚ್ ಬೇಕೆಂದರೆ ಪೆಡಲ್ ಇರುವ ವೀಲ್ ಬೇಕು.

ಹೈವೇಯಲ್ಲಿ ಕರಕರ ಸದ್ದು ನಿಂತ ಮೇಲೆ ಹಾರಿಜಾನ್ 5ರ ಮ್ಯಾಪ್‌ನಲ್ಲಿರುವ ಗ್ರಾನ್ ಕಾಲ್ಡೇರಾ ಅಗ್ನಿಪರ್ವತ ಹತ್ತುವ ರಸ್ತೆಗೆ ಹೋಗಿ. ಹತ್ತುವಾಗ ಗೇರ್ ಏರಿಸಲು ಜಾಸ್ತಿ ಅವಕಾಶ ಸಿಗುವುದಿಲ್ಲ, ಸರಿಯಾದ ಗೇರ್ ಹಿಡಿದಿಡುವುದು ಕಲಿಯುತ್ತೀರಿ. ಇಳಿಯುವಾಗ ತಿರುವಿಗೊಂದು ಸಲ ಬ್ರೇಕ್, ಕ್ಲಚ್, ಗೇರ್, ಆರ್‌ಟಿ ಚುಟುಕು, ಇಷ್ಟೂ ಆಗಬೇಕು. ಅದು ತಪ್ಪಿಲ್ಲದೆ ಬಂದರೆ ಗ್ವಾನಹ್ವಾಟೋ ಊರಿನ ಕಿರಿದಾದ ಬೀದಿಗಳಿಗೆ ನುಗ್ಗಿ, ಅಲ್ಲಿ ಎರಡು ಮೂರು ಗೇರ್ ನಡುವೆಯೇ ಓಡಾಡುತ್ತಿರಬೇಕು. ಆಮೇಲೆ 6 ಗೇರ್ ಕಾರು, ಅದರ ನಂತರ ಬೇಕಿದ್ದರೆ 8 ಗೇರ್‌ನ ಟೊಯೊಟಾ ಸುಪ್ರಾ. ಆನ್‌ಲೈನ್ ರೇಸ್‌ಗೆ ಇಳಿಯುವುದು ಅಲ್ಲಿಂದ ಮುಂದೆ.