ಕೋಶಗಳು ಹಾಳೆ ಮೇಲೆ ಇರಲೇ ಇಲ್ಲ

ಪಿಎಚ್‌ಡಿಯ ಎರಡನೇ ವರ್ಷ. ಎಲೆಕ್ಟ್ರೋಸ್ಪಿನ್ನಿಂಗ್ ಮಾಡಿ, ಅಂದರೆ ಹೆಚ್ಚಿನ ವೋಲ್ಟೇಜ್‌ನಿಂದ ದ್ರಾವಣವನ್ನು ಸೂಕ್ಷ್ಮ ಎಳೆಗಳಾಗಿ ಎಳೆದು, ಪಿಸಿಎಲ್ ಎಳೆಗಳ ತೆಳು ಹಾಳೆ ತಯಾರಿಸಿದ್ದೆ. ಪಿಸಿಎಲ್ ಅಂದರೆ ಪಾಲಿಕ್ಯಾಪ್ರೊಲ್ಯಾಕ್ಟೋನ್, ದೇಹದೊಳಗೆ ತುಂಬ ನಿಧಾನವಾಗಿ ಕರಗುವ ಪಾಲಿಮರ್. ಅದರ ಮೇಲೆ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳನ್ನು ಹಾಕಿದೆ. ಮೂರನೇ ದಿನ, ಜೀವಂತ ಕೋಶಗಳ ಪ್ರಮಾಣ ಅಳೆಯುವ ಎಂಟಿಟಿ ಟೆಸ್ಟ್‌ನಲ್ಲಿ ರೀಡಿಂಗ್ ಚೆನ್ನಾಗಿ ಬಂತು. ಖುಷಿಯಾಯಿತು. ಆಮೇಲೆ ಹಾಳೆಯನ್ನು ಎತ್ತಿ, ಕೋಶದ ನ್ಯೂಕ್ಲಿಯಸ್ ಹೊಳೆಯುವಂತೆ ಮಾಡುವ ಡ್ಯಾಪಿ ಬಣ್ಣ ಹಾಕಿ ನೋಡಿದರೆ ಕೋಶಗಳು ಅಲ್ಲೊಂದು ಇಲ್ಲೊಂದು. ಉಳಿದವೆಲ್ಲ ಪ್ಲೇಟಿನ ತಳದಲ್ಲಿ ಆರಾಮಾಗಿ ಬೆಳೆದಿದ್ದವು!

ಯಾಕೆ ಹೀಗಾಯಿತು? ಕೋಶ ಪಾಲಿಮರನ್ನು ನೇರವಾಗಿ ಹಿಡಿಯುವುದಿಲ್ಲ. ಮೊದಲು ಕೋಶಗಳಿಗೆ ಕೊಡುವ ಸೀರಮ್‌ನಲ್ಲಿರುವ (ರಕ್ತದ ದ್ರವಭಾಗ) ಪ್ರೋಟೀನುಗಳು ಮೇಲ್ಮೈಗೆ ಅಂಟುತ್ತವೆ. ಅವುಗಳಲ್ಲಿ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಮುಖ್ಯ. ಇವುಗಳಲ್ಲಿ ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ತುಣುಕಿದೆ. 1984ರಲ್ಲಿ ವಿಜ್ಞಾನಿಗಳಾದ ಪಿಯರ್ಶ್‌ಬಾಕರ್ ಮತ್ತು ರೂಸ್‌ಲಹ್ಟಿ ಫೈಬ್ರೊನೆಕ್ಟಿನ್‌ನಲ್ಲಿ ಇದನ್ನು ತೋರಿಸಿದರು. ಕೋಶದ ಮೇಲಿರುವ ಇಂಟೆಗ್ರಿನ್ ಎಂಬ ಪ್ರೋಟೀನ್ ಹಿಡಿಯುವುದು ಈ ತುಣುಕನ್ನೇ. ನನ್ನ ಹಾಳೆಯ ಮೇಲೆ ನೀರು ಕೆಸುವಿನೆಲೆ ಮೇಲಿನ ಹನಿಯಂತೆ ನಿಲ್ಲುತ್ತಿತ್ತು. ಇಂಥ ಕಡೆ ಪ್ರೋಟೀನ್ ಅಂಟಿದರೂ ಅದರ ಆಕಾರ ಕೆಡುತ್ತದೆ, ಹಿಡಿಯಬೇಕಾದ ಜಾಗ ಮುಚ್ಚಿಹೋಗುತ್ತದೆ. ಜೊತೆಗೆ ಸೀರಮ್‌ನಲ್ಲಿರುವ, ಕೋಶ ಹಿಡಿಯಲಾಗದ ಅಲ್ಬುಮಿನ್ ಜಾಸ್ತಿ ಜಾಗ ಆಕ್ರಮಿಸುತ್ತದೆ.

ಇದನ್ನು ಸರಿಪಡಿಸಲು ಹಾಳೆಯನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ಗಂಟೆ ಇಟ್ಟೆ. ಮೇಲ್ಮೈಯಲ್ಲಿ ಪಾಲಿಮರ್ ಸರಪಳಿಯ ಎಸ್ಟರ್ ಬಂಧ ಒಡೆದು ನೀರನ್ನು ಇಷ್ಟಪಡುವ ಗುಂಪುಗಳು ಹೊರಬರುತ್ತವೆ. ಸಮಯ ಮಾತ್ರ ಮೀರಬಾರದು. ಒಮ್ಮೆ ರಾತ್ರಿಯಿಡೀ ಬಿಟ್ಟು, ಚಿಮುಟದಲ್ಲಿ ಎತ್ತಿದ ಕೂಡಲೇ ಹಾಳೆ ಹರಿದುಹೋಯಿತು. ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆದು, 70% ಎಥನಾಲ್‌ನಲ್ಲಿ ಅದ್ದಿದೆ. ಎಳೆಗಳ ನಡುವಿನ ಗಾಳಿ ಹೋಗಲು ಇದು ಬೇಕೇ ಬೇಕು, ಇಲ್ಲದಿದ್ದರೆ ಹಾಳೆ ತೇಲುತ್ತದೆ. ಮತ್ತೆ ಒಣಗಲು ಬಿಡದೆ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ) ತೊಳೆದು, 10% ಸೀರಮ್ ಇರುವ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವ) ರಾತ್ರಿಯಿಡೀ ನೆನೆಸಿದೆ.

ಕೋಶ ಹಾಕುವಾಗಲೂ ಅವಸರ ಮಾಡಲಿಲ್ಲ. 30 ಮೈಕ್ರೋಲೀಟರ್‌ನ ಸಣ್ಣ ಹನಿಯನ್ನು ಹಾಳೆಯ ನಡುವೆ ಬಿಟ್ಟು, ಇನ್‌ಕ್ಯುಬೇಟರ್‌ನಲ್ಲಿ ಎರಡು ಗಂಟೆ ಕಾದು, ಆಮೇಲಷ್ಟೇ ಮೀಡಿಯಾ ತುಂಬಿದೆ. ಎಂಟಿಟಿಗೆ ಮುಂಚೆ ಹಾಳೆಯನ್ನು ಹೊಸ ಬಾವಿಗೆ, ಅಂದರೆ ಪ್ಲೇಟಿನ ಬೇರೆ ಗುಳಿಗೆ, ದಾಟಿಸಿದೆ. ಈ ಕೆಲಸ ಬಿಟ್ಟುಬಿಡುವವರು ಇದ್ದಾರೆ, ದಯವಿಟ್ಟು ಬಿಡಬೇಡಿ. ತಳದ ಕೋಶಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದು ಹಾಳೆಯ ಲೆಕ್ಕ ಹೇಗಾಗುತ್ತದೆ, ಅಲ್ವಾ?

ಈ ಸಲ ಕೋಶದ ಒಳಚೌಕಟ್ಟನ್ನು ತೋರಿಸುವ ಫ್ಯಾಲೋಯ್ಡಿನ್ ಬಣ್ಣದಲ್ಲಿ ಕೋಶಗಳು ಎಳೆಗಳ ಉದ್ದಕ್ಕೆ ಚಾಚಿಕೊಂಡಿದ್ದು ಕಂಡಿತು. ಎಂಟಿಟಿ ರೀಡಿಂಗ್ ಮೊದಲಿಗಿಂತ ಕಡಿಮೆಯೇ ಬಂತು. ಪ್ರಬಂಧದಲ್ಲಿ ಬರೆದದ್ದು ಆ ಕಡಿಮೆ ಸಂಖ್ಯೆಯನ್ನೇ.