ಭುಜದ ಸುಣ್ಣ ತೊಳೆದ ಕತೆ

ನಾನು ಸ್ಕ್ಯಾನ್ ಡಾಕ್ಟರು. ಭುಜದ ಟೆಂಡನ್‌ನಲ್ಲಿ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟೋ ಹುರಿಯಲ್ಲಿ, ಕಟ್ಟಿಕೊಂಡ ಸುಣ್ಣವನ್ನು ಸ್ಕ್ಯಾನ್ ನೋಡುತ್ತಾ ಸೂಜಿಯಲ್ಲೇ ತೊಳೆದು ತೆಗೀತೀನಿ ಅಂದಾಗ ಹುಬ್ಬಳ್ಳಿಯ ಹಿರಿಯ ಆರ್ಥೋ (ಮೂಳೆ ಡಾಕ್ಟರು) ಒಬ್ಬರು ನಕ್ಕಿದ್ದರು. "ಸ್ಕ್ಯಾನ್ ಮಾಡ್ಕೊಂಡಿರು ಮಾರಾಯ, ಆಗಲಿಲ್ಲ ಅಂದ್ರೆ ಸ್ಕೋಪಿಗೆ ಕಳಿಸು." ಸ್ಕೋಪು ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡೋ ಆಪರೇಷನ್. ಐದು ವರ್ಷದಲ್ಲಿ ನಲವತ್ತರ ಮೇಲೆ ಭುಜ ತೊಳೆದಿದ್ದೇನೆ, ಮೂವತ್ತಾದರೂ ಚೆನ್ನಾಗಿವೆ. ಹೋದ ತಿಂಗಳು ಅವರು ತಮ್ಮ ಅತ್ತಿಗೆಯನ್ನೇ ಶಿರಸಿಗೆ, ನನ್ನ ಹತ್ತಿರ ಕಳಿಸಿದರು. ಅದಕ್ಕೇ, ಇದನ್ನು ಶುರುಮಾಡೋ ಡಾಕ್ಟರುಗಳಿಗೆ ಅಂತ ಬರೀತಿದ್ದೇನೆ.

ಮೊದಲ ಆರು ಭುಜದಲ್ಲಿ ನಾಲ್ಕು ದಂಡವಾದವು. ತಪ್ಪು ನನ್ನದೇ. ಎಕ್ಸ್‌ರೇಯಲ್ಲಿ ಅಂಚು ಕೊರೆದಿಟ್ಟ ಹಾಗೆ ದಟ್ಟವಾಗಿ ಕಾಣೋ ಸುಣ್ಣದ ಗಡ್ಡೆಗೆ ಆಸೆಪಟ್ಟೆ. ಅದು ಸೀಮೆಸುಣ್ಣದ ಹಾಗೆ ಗಟ್ಟಿ. 18 ಗೇಜಿನ ದಪ್ಪ ಸೂಜಿ ಒಳಗೆ ಹೋಗಿ ಕಟ್ಟಿಕೊಂಡು ಕೂತಿತು, ಸಿರಿಂಜಿಗೆ ಬಂದದ್ದು ಬರೀ ರಕ್ತ. ಅಂಚು ಮಸುಕಾಗಿದ್ದು, ರೋಗಿ ನಾಲ್ಕು ರಾತ್ರಿ ನಿದ್ದೆಗೆಟ್ಟು ಬಂದಿದ್ದರೆ ಒಳಗಿರೋದು ಟೂತ್‌ಪೇಸ್ಟಿನಂಥ ಮೆತ್ತನೆ ಸುಣ್ಣ. ಆ ಹಂತದಲ್ಲಿ ತಾನಾಗೇ ಕರಗುತ್ತಲ್ಲ ಅನ್ನುತ್ತಾರೆ. ನಿಜ, ಆದರೆ ಆ ನೋವು ಹೊತ್ತುಕೊಂಡು ಕಾಯೋರು ಯಾರು? ಮೂರನೆಯವರನ್ನು ಕುರ್ಚಿಯಲ್ಲಿ ಕೂರಿಸಿ ಮಾಡಿದ್ದೆ, ತಲೆಸುತ್ತಿ ನನ್ನ ಮೇಲೇ ವಾಲಿದರು. ಅಂದಿನಿಂದ ಎಲ್ಲರನ್ನೂ ಮಲಗಿಸಿಯೇ.

ಗೆದ್ದದ್ದು ಏಳನೆಯದು. ಟೈಲರಿಂಗ್ ಮಾಡುವ ಹೆಂಗಸು, ಸುಪ್ರಾಸ್ಪೈನೇಟಸ್‌ನಲ್ಲಿ (ಕೈ ಮೇಲೆತ್ತೋ ಭುಜದ ಟೆಂಡನ್) ಒಂದೂವರೆ ಸೆಂಟಿಮೀಟರಿನ ಗಡ್ಡೆ. ಸಲೈನ್ (ಉಪ್ಪುನೀರು) ತುಂಬಿದ ಸಿರಿಂಜನ್ನು ಸೂಜಿಗಿಂತ ತಗ್ಗಿಸಿ ಹಿಡಿದು ಪ್ಲಂಜರ್ ಒತ್ತೋದು, ಬಿಡೋದು ಮಾಡಿದೆ. ಮೂರನೇ ಸಲಕ್ಕೆ ಬಿಳಿ ಎಳೆಯೊಂದು ಹೊಗೆಯಂತೆ ಒಳಗೆ ಸುರುಳಿ ಸುತ್ತಿ ಬಂತು. ಸ್ಟ್ಯಾಂಡಿನಲ್ಲಿಟ್ಟರೆ ಬಕೆಟ್ಟಿನ ತಳದಲ್ಲಿ ನಿಲ್ಲೋ ಸುಣ್ಣದ ಹಾಗೇ ನಿಂತಿತು. "ಡಾಕ್ಟ್ರೇ, ಎಲೆಗೆ ಹಚ್ಕೊಂಡಿದ್ದೇ ಇದಾ?" ಅಂದರು. ಅಲ್ಲ ಅಂದರೂ ನಂಬಲಿಲ್ಲ. ಮನೆಗೆ ಹೋಗಿ ಆ ಕೆಸರಿಗೂ ಮೊಟ್ಟೆಯ ಸಿಪ್ಪೆಗೂ ವಿನೆಗರ್ ಹಾಕಿ ನೋಡಿದೆ. ಸಿಪ್ಪೆ ನೊರೆಗುಟ್ಟಿತು, ಭುಜದ್ದು ಸುಮ್ಮನಿತ್ತು. ಅದು ಸಿಪ್ಪೆಯಂಥ ಕಾರ್ಬೊನೇಟ್ ಅಲ್ಲ, ಫಾಸ್ಫೇಟ್ ಅಂತ ಓದಿದ್ದೇ, ಆದರೂ ಕಣ್ಣಾರೆ ಕಂಡ ಖುಷಿ ಬೇರೆ. ಹೆಂಡತಿ ಆ ಬಟ್ಟಲನ್ನು ಎಸೆದಳು.

ದುಡ್ಡಿನ ಮಾತು. ಹೊಸ ಲೀನಿಯರ್ ಪ್ರೋಬಿಗೆ (ಭುಜದ ಮೇಲಿಟ್ಟು ನೋಡೋ ಸ್ಕ್ಯಾನಿನ ಹಿಡಿಕೆ) ಎರಡೂವರೆ ಲಕ್ಷದ ಹತ್ತಿರ ಹೋಯಿತು. ಸೂಜಿ, ಸಲೈನು, ಔಷಧಿ ಸೇರಿ ಐನೂರೂ ಆಗಲ್ಲ. ತಿನ್ನೋದು ಹೊತ್ತು. ಒಂದು ಭುಜಕ್ಕೆ ನಲವತ್ತು ನಿಮಿಷ, ಅಷ್ಟರಲ್ಲಿ ನಾಲ್ಕು ಹೊಟ್ಟೆ ಸ್ಕ್ಯಾನ್ ಮುಗೀತಿತ್ತು. ನಾನು ತಗೊಳ್ಳೋದು ನಾಲ್ಕೂವರೆ ಸಾವಿರ. ಮೊದಲ ವರ್ಷ ಕೈಯಿಂದಲೇ ಹೋಯಿತು. ಸಮಯ ಇಳಿದದ್ದು ಸಲೈನ್ ಬಿಸಿ ಮಾಡತೊಡಗಿದ ಮೇಲೆ. ಮಗುವಿನ ಹಾಲಿನ ಬಾಟಲಿ ಬಿಸಿ ಮಾಡೋ ಯಂತ್ರ, ಏಳೆಂಟು ನೂರು ರೂಪಾಯಿ, ನಲವತ್ತು ಡಿಗ್ರಿ ಸುಮಾರು. ಕಟ್ಟಿಕೊಂಡ ಸೂಜಿಯನ್ನು ಹೊರಗೆಳೆಯದೆ ಬಿಡಿಸೋ ಉಪಾಯವೂ ಒಂದು ಕೈಗೆ ಹತ್ತಿದೆ. ಅದನ್ನು ಬರೆಯಲ್ಲ, ಶಿರಸಿಗೆ ಬಂದರೆ ತೋರಿಸುತ್ತೇನೆ.

ಒಂದು ಕೇಸು ಈಗಲೂ ಚುಚ್ಚುತ್ತೆ. ಅರವತ್ತು ದಾಟಿದ ತೋಟದ ಯಜಮಾನರು, ಕೈ ಎತ್ತಲಾಗುತ್ತಿರಲಿಲ್ಲ. ಐದು ಮಿಲಿಮೀಟರೂ ಇಲ್ಲದ ಸುಣ್ಣದ ಚುಕ್ಕೆ ಕಂಡಿತು, ಅದರ ಹಿಂದೆ ಬಿದ್ದೆ. ಎರಡು ತಿಂಗಳಾದರೂ ಕೈ ಏಳಲಿಲ್ಲ. ಮತ್ತೆ ಪ್ರೋಬ್ ಇಟ್ಟರೆ ಮುಂದಿನ ಅಂಚಿನಲ್ಲಿ ಟೆಂಡನ್ ಪೂರ್ತಿ ಹರಿದಿತ್ತು. ಅದು ಮೊದಲ ದಿನವೇ ಇತ್ತು, ನಾನು ಅಷ್ಟು ಮುಂದಕ್ಕೆ ಹೋಗಿ ನೋಡಿರಲಿಲ್ಲ. ದುಡ್ಡು ವಾಪಸ್ ಕೊಟ್ಟು ಬೆಂಗಳೂರಿಗೆ ಕಳಿಸಿದೆ, ಹೊಲಿಸಿಕೊಂಡು ಬಂದರು. ಈಗ ಉದ್ದಕ್ಕೂ ಅಡ್ಡಕ್ಕೂ ಇಡೀ ಕಫ್ (ಭುಜ ಸುತ್ತಿದ ನಾಲ್ಕು ಟೆಂಡನ್‌ಗಳ ಪಟ್ಟಿ) ನೋಡದೆ ಸೂಜಿ ಬಿಚ್ಚೋದಿಲ್ಲ.

ಇನ್ನೊಂದು. ತೊಳೆದ ಮೇಲೆ ಮೊದಲೆರಡು ರಾತ್ರಿ ನೋವು ಜಾಸ್ತಿಯಾಗುತ್ತೆ ಅಂತ ರೋಗಿಗಷ್ಟೇ ಅಲ್ಲ, ಮನೆಯವರಿಗೂ ಹೇಳಿ ಕಳಿಸಿ. ಒಬ್ಬರ ಗಂಡ ರಾತ್ರಿ ಹನ್ನೊಂದಕ್ಕೆ ನಮ್ಮ ಗೇಟು ಬಡಿದಿದ್ದರು.